ಕಂಟ್ರೋಲ್ ಎಂದು ಇಟ್ಟ ನನ್ನ ರಕ್ತ

ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟಿ ಇದೆ. ಊಟದ ಡಬ್ಬಿಗಿಂತ ತುಸು ದೊಡ್ಡದು. ಒಂದು ತುದಿಗೆ ಕೆಂಪು ವೈರು, ಇನ್ನೊಂದು ತುದಿಗೆ ಕಪ್ಪು ವೈರು. ಈಗ ದೊಡ್ಡ ಊರುಗಳಲ್ಲಿ ರಕ್ತ ಹಾಕಿದರೆ ತಾನೇ ಅಂಕಿ ಬರೆದು ಕೊಡುವ ಮಷಿನ್‌ಗಳು ಬಂದಿವೆ, ನಾವೂ ಸ್ಯಾಂಪಲ್ ಅಲ್ಲಿಗೇ ಕಳಿಸುತ್ತೇವೆ. ತೊಟ್ಟಿಯನ್ನು ಗುಜರಿಗೆ ಹಾಕೋಣ ಎಂದು ಲ್ಯಾಬಿನ ಡಾಕ್ಟರು ಎರಡು ಸಲ ಹೇಳಿದರು. ಎರಡು ಸಲವೂ ನಾನು ಕೇಳಿಸದವನಂತೆ ಇದ್ದುಬಿಟ್ಟೆ.

ಅದಕ್ಕೆ ಕರೆಂಟ್ ಕೊಟ್ಟರೆ ಸಣ್ಣಗೆ ಗುಂಯ್ ಎನ್ನುತ್ತದೆ. ಆ ಗುಂಯ್ ಒಳಗೆ ನನಗೆ ಎರಡು ಶಬ್ದ ಕೇಳಿಸುತ್ತವೆ. ‘ಅಡ್ಡಿ ಇಲ್ಲ.’ ಯಾವುದೋ ದೆವ್ವದ ಮಾತಲ್ಲ, ನಾನೇ ಆಡಿದ್ದು, ನನ್ನದೇ ದನಿ. ಹಟ್ಟಹಗಲು, ಹೊರಗೆ ಭತ್ತದ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗಲೂ ಕೇಳಿಸುತ್ತದೆ. ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಕಿವಿಯಲ್ಲಿ ಏನೂ ದೋಷವಿಲ್ಲವಂತೆ.

ನಾನು ಗಂಗಾವತಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹುಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಎರೆಭೂಮಿಯ ಹಳ್ಳಿಯಲ್ಲಿ, ರೊಟ್ಟಿಯ ಸೀಮೆ. ಕೆಲಸ ಸಿಕ್ಕಿದ್ದು ಇಲ್ಲಿ, ಕಾಲುವೆಯ ನೀರು, ಅಕ್ಕಿ ಮಿಲ್ಲು, ಅನ್ನದ ಸೀಮೆ. ದಿನವೂ ಹತ್ತಾರು ತೋಳು ನನ್ನ ಮುಂದೆ ಚಾಚುತ್ತವೆ. ಮುಖ ಮರೆತರೂ ನರ ಮರೆಯುವುದಿಲ್ಲ. ಈ ಹೆಣ್ಣುಮಗಳ ನರ ಜಾರುತ್ತದೆ, ಈ ಮುದುಕನದು ಹಗ್ಗದ ಹಾಗಿದೆ ಎಂದು ಕೈಗೆ ನೆನಪಿರುತ್ತದೆ. ಊರವರು ನನ್ನನ್ನು ರಕ್ತದ ಮಾಸ್ತರ ಎಂದು ಛೇಡಿಸುತ್ತಾರೆ. ಹಿಂದೆ ಆ ಹೆಸರು ನನಗೆ ಇಷ್ಟವಿತ್ತು.

ಆ ತೊಟ್ಟಿಯನ್ನು ಹಟ ಹಿಡಿದು ತರಿಸಿದವನೂ ನಾನೇ. ರಕ್ತ ಕಡಿಮೆ ಎಂದು ಬರುವ ಹೆಂಗಸರಲ್ಲಿ ಕೆಲವರಿಗೆ ಕಬ್ಬಿಣದ ಗುಳಿಗೆ ತಿಂಗಳುಗಟ್ಟಲೆ ನುಂಗಿದರೂ ಗುಣ ಕಾಣುತ್ತಿರಲಿಲ್ಲ. ಅಂಥವರ ರಕ್ತವನ್ನು ಬಿಡಿಸಿ ನೋಡಬೇಕು ಎಂದು ಡಾಕ್ಟರಿಗೆ ಹೇಳಿದೆ. ಬಿಡಿಸುವುದೆಂದರೆ ಹೀಗೆ. ನಮಗೆ ಒಂದೇ ಕೆಂಪಾಗಿ ಕಾಣುವ ರಕ್ತದಲ್ಲಿ ಹಿಮೋಗ್ಲೋಬಿನ್ ಒಂದೇ ಬಗೆಯದಲ್ಲ, ಎರಡು ಮೂರು ಬಗೆಯದು ಬೆರೆತಿರುತ್ತದೆ. ಕೆಂಪುಕಣಗಳನ್ನು ತೊಳೆದು ಒಡೆದು, ಆ ರಸದ ಒಂದು ಗೀರನ್ನು ಒದ್ದೆ ಮಾಡಿದ ಬಿಳಿ ಪಟ್ಟಿಯ ಮೇಲೆ ಎಳೆಯಬೇಕು. ಪಟ್ಟಿಯನ್ನು ತೊಟ್ಟಿಯಲ್ಲಿಟ್ಟು, ಎರಡೂ ತುದಿ ದ್ರಾವಣಕ್ಕೆ ತಾಗಿಸಿ ಕರೆಂಟ್ ಕೊಟ್ಟರೆ, ಗೀರು ಕಪ್ಪು ವೈರಿನ ಕಡೆಯಿಂದ ಕೆಂಪು ವೈರಿನ ಕಡೆಗೆ ಹೊರಡುತ್ತದೆ. ಎಲ್ಲವೂ ಒಂದೇ ಓಟ ಓಡುವುದಿಲ್ಲ. ದೊಡ್ಡವರ ರಕ್ತದ ಮುಖ್ಯ ಬಗೆ ಎಲ್ಲಕ್ಕಿಂತ ಮುಂದೆ ಹೋಗಿ ದಪ್ಪ ಗೆರೆಯಾಗಿ ನಿಲ್ಲುತ್ತದೆ. ಹಸುಗೂಸಿನ ಬಗೆ ಅದರ ಬೆನ್ನಿಗೆ. ಇನ್ನೊಂದು ಮಾತ್ರ ಹೊರಟ ಜಾಗದ ಹತ್ತಿರವೇ ಎಳೆದಾರದಷ್ಟು ತೆಳ್ಳಗೆ ಉಳಿಯುತ್ತದೆ. ಕೆಂಪು ಬಣ್ಣದಲ್ಲಿ ಅದ್ದಿ, ಹುಳಿವಾಸನೆಯ ನೀರಿನಲ್ಲಿ ತೊಳೆದರೆ ಪಟ್ಟಿ ಬೆಳ್ಳಗಾಗಿ ಗೆರೆಗಳು ಮಾತ್ರ ಕೆಂಪಗೆ ನಿಲ್ಲುತ್ತವೆ. ಮೊದಲ ಸಲ ಅದನ್ನು ಕಂಡಾಗ ನಾನು ಲ್ಯಾಬಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ್ದೆ.

ಇದರಲ್ಲಿ ಒಂದು ಕಟ್ಟಳೆ ಉಂಟು. ಯಾರದೇ ರಕ್ತ ಓಡಿಸಿದರೂ ಪಕ್ಕದಲ್ಲಿ ಸರಿಯಿರುವ ಒಬ್ಬರ ರಕ್ತ ಓಡಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಹೊರಗಿನಿಂದ ತರಿಸಿದ ಕಂಟ್ರೋಲ್ ನಮ್ಮ ಬಿಸಿಲಿಗೆ ಐಸ್ ಕರಗಿ, ಬಸ್ಸಿನಲ್ಲೇ ಕೆಟ್ಟು ಬರುತ್ತಿತ್ತು. ಹಾಗಾಗಿ ಸಣ್ಣ ಲ್ಯಾಬುಗಳವರು ಮಾಡುವುದನ್ನೇ ನಾನೂ ಮಾಡಿದೆ, ನನ್ನ ತೋಳಿಗೆ ನಾನೇ ಸೂಜಿ ಚುಚ್ಚಿಕೊಂಡೆ. ರೊಟ್ಟಿ ತಿಂದು ಬೆಳೆದ ಗಟ್ಟಿ ಆಳು, ಜ್ವರವೆಂದು ಒಂದು ದಿನ ಮಲಗಿದವನಲ್ಲ. ನನ್ನ ರಕ್ತಕ್ಕಿಂತ ಸರಿಯಾದ ರಕ್ತ ಯಾವುದಿದ್ದೀತು ಎಂಬ ಸೊಕ್ಕು.

ಅದನ್ನು ಇನ್ನೂ ಒಮ್ಮೆಯೂ ಓಡಿಸಿರಲಿಲ್ಲ, ಆ ವಾರದಲ್ಲೇ ನನ್ನ ಅಕ್ಕ ತನ್ನ ದೊಡ್ಡ ಮಗಳನ್ನು ಕರೆದುಕೊಂಡು ಬಂದಳು.

ನಮ್ಮ ಕಡೆ ಅಕ್ಕನ ಮಗಳೆಂದರೆ ಏನು ಎಂದು ಹೇಳಬೇಕಾಗಿಲ್ಲ. ಆಕೆ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ತೊಟ್ಟಿಲ ಹತ್ತಿರ ನಿಂತ ನನಗೆ ಓಣಿಯ ಹೆಂಗಸರು “ನಿನ್ನ ಹೇಣ್ತಿ ಬಂದಾಳ ನೋಡೋ” ಎಂದು ನಕ್ಕಿದ್ದರು. ನಾನು ನಾಚಿ ದನದ ಕೊಟ್ಟಿಗೆಗೆ ಓಡಿದ್ದೆ. ಆ ನಗು ಕ್ರಮೇಣ ಮಾತಾಯಿತು, ಮಾತು ನಿಶ್ಚಯದ ಹಾಗೇ ಆಯಿತು. ಹುಡುಗಿಯ ಡಿಗ್ರಿ ಮುಗಿಯಲಿ, ಮದುವೆ ಮಾಡೋಣ ಎಂದು ಅಕ್ಕ ಕಾದಿದ್ದಳು. ನಿಜ ಹೇಳುತ್ತೇನೆ, ನಾನೂ ಕಾದಿದ್ದೆ. ನನ್ನ ಹೆಗಲ ಮೇಲೆ ಕೂತು ಜಾತ್ರೆಯಲ್ಲಿ ಬೆಂಡು ಬತ್ತಾಸು ತಿಂದ ಹುಡುಗಿ ಯಾವಾಗ ನನ್ನ ಮುಂದೆ ಸೆರಗು ಸರಿಮಾಡಿಕೊಳ್ಳಲು ಶುರುಮಾಡಿದಳೋ, ಆಗಿನಿಂದ ನನಗೂ ಆಕೆಯ ಮುಂದೆ ಮಾತು ತಡವರಿಸುತ್ತಿತ್ತು.

“ಮೆಟ್ಟಲ ಹತ್ತಿದ್ರ ದಮ್ಮು ಬರತೈತಿ ಅಂತಾಳ. ಗುಳಿಗಿ ನುಂಗಿ ನುಂಗಿ ಸಾಕಾತು. ನೀನ ನೋಡಪಾ,” ಎಂದಳು ಅಕ್ಕ.

ಆಕೆಯ ಗೀರು ಒಂದು, ಪಕ್ಕದಲ್ಲಿ ಕಂಟ್ರೋಲ್ ಎಂದು ನನ್ನದು ಒಂದು. ಕರೆಂಟ್ ಕೊಟ್ಟೆ. ಆಕೆ ತೊಟ್ಟಿಯ ಮೇಲೆ ಬಾಗಿ ನಿಂತಳು.

“ಮಾಮಾ, ನಂದು ಮುಂದ ಐತೋ, ನಿಂದು ಮುಂದ ಐತೋ?”

“ಎರಡೂ ಜೋಡಿಲೆ ಹೊಂಟಾವು,” ಎಂದೆ. ಆಕೆ ನಕ್ಕಳು. ಬಸ್ಸಿಗೆ ಹೊತ್ತಾಯಿತೆಂದು ಅಕ್ಕ ಅಷ್ಟರಲ್ಲೇ ಕರೆದುಕೊಂಡು ಹೋದಳು.

ಬಣ್ಣ ತೊಳೆದು ನೋಡಿದರೆ ನನಗೆ ಸಿಟ್ಟು ಬಂತು. ಎಳೆದಾರದ ಹಾಗೆ ಇರಬೇಕಾದ ಹಿಂದಿನ ಗೆರೆ ಎರಡರಲ್ಲೂ ದಪ್ಪಗೆ, ಕಾಡಿಗೆ ತೀಡಿದಂತೆ ಎದ್ದು ಕಾಣುತ್ತಿತ್ತು. ಕಂಟ್ರೋಲೂ ಹಾಗೇ ಬಂದಿದೆ ಎಂದರೆ ಮಷಿನ್ ಕೆಟ್ಟಿದೆ, ಇಲ್ಲವೇ ಭತ್ತಕ್ಕೆ ನೀರು ಬಿಡುವ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗಿ ಕರೆಂಟ್ ಏರಿಳಿದಿದೆ ಎಂದುಕೊಂಡೆ. ಕಂಪನಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ದ್ರಾವಣ ಹೊಸದು ಮಾಡಿ ಮತ್ತೆ ಓಡಿಸಿದೆ. ಅದೇ. ಮೂರನೆಯ ಸಲ, ಲ್ಯಾಬಿನ ಬಾಗಿಲಲ್ಲಿ ಕೂತು ಚೀಟಿ ಬರೆಯುವ ಹೆಣ್ಣುಮಗಳ ರಕ್ತವನ್ನೂ ಪಕ್ಕಕ್ಕೆ ಹಾಕಿದೆ. ಆಕೆಯದು ಎಳೆದಾರದ ಹಾಗೆ ತೆಳ್ಳಗೆ ಬಂತು. ನಮ್ಮಿಬ್ಬರದು ಅದೇ ದಪ್ಪ.

ಮಷಿನ್ ಸರಿಯಿತ್ತು. ಕಂಟ್ರೋಲ್ ಕೆಟ್ಟಿತ್ತು. ಕಂಟ್ರೋಲ್ ನಾನು.

ಹೆಸರು ಬರೆಯದೆ ನಂಬರ್ ಹಾಕಿ ಎರಡೂ ರಕ್ತವನ್ನು ದೊಡ್ಡ ಊರಿಗೆ ಕಳಿಸಿದೆ. ಅಲ್ಲಿಂದಲೂ ಅದೇ ಉತ್ತರ. ಥಲಸ್ಸೀಮಿಯಾದ ವಾಹಕರು. ವಾಹಕರಿಗೆ ಏನೂ ಆಗುವುದಿಲ್ಲ. ಒಂಚೂರು ದಮ್ಮು, ಒಂಚೂರು ಬಿಳಿಚಿಕೊಂಡ ಮುಖ, ಅಷ್ಟೇ. ನೂರು ವರ್ಷ ಬದುಕಬಹುದು. ಆದರೆ ಅಂಥ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆ ಒಂದು ಪಾಲು ಬಿದ್ದ ಮಗು ತನ್ನ ರಕ್ತವನ್ನು ತಾನು ಮಾಡಿಕೊಳ್ಳಲಾರದು, ಬದುಕಿರುವವರೆಗೂ ಬೇರೆಯವರ ರಕ್ತ ಹಾಕಿಸಿಕೊಳ್ಳಬೇಕು. ಇದು ನಮಗೆ ಎಲ್ಲಿಂದ ಬಂತು ಎಂದು ತಿಳಿಯಲು ಅವ್ವನ ರಕ್ತವನ್ನೂ ಸಕ್ಕರೆ ಪರೀಕ್ಷೆಯ ನೆಪದಲ್ಲಿ ತೆಗೆದು ಓಡಿಸಿದೆ. ಅವ್ವನದೂ ದಪ್ಪ ಗೆರೆ. ಅವ್ವನಿಂದ ನನಗೆ, ಅವ್ವನಿಂದ ಅಕ್ಕನಿಗೆ, ಅಕ್ಕನಿಂದ ಮಗಳಿಗೆ.

ನನ್ನದೂ ಆಕೆಯದೂ ಇದ್ದ ಪಟ್ಟಿಯನ್ನು ಒಣಗಿಸಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ‘ನಾ’, ‘ಆಕಿ’ ಎಂದೂ ಅಂದಿನ ತಾರೀಖನ್ನೂ ಬರೆದು ಹಳೆಯ ನೋಟುಪುಸ್ತಕದೊಳಗೆ ಇಟ್ಟೆ. ಆಮೇಲೆ ಊರಿಗೆ ಹೋಗಿ, ಪರೀಕ್ಷೆಯಲ್ಲಿ ಮಷಿನ್ ಕೈಕೊಟ್ಟಿತು ಎಂದು ಹೇಳಿ, ಆಕೆಯನ್ನು ಮದುವೆಯಾಗಲು ಒಲ್ಲೆ ಎಂದೆ.

ಯಾಕೆ ಎಂದು ಹೇಳಲಿಲ್ಲ. ನನ್ನ ಇಡೀ ಬದುಕಿನ ತಪ್ಪು ಈ ಒಂದು ಸಾಲಿನಲ್ಲಿದೆ.

“ಯಾಕೋ? ನನ್ನ ಮಗಳಿಗೆ ಏನು ಕಡಿಮಿ ಆಗೇತಿ?” ಎಂದಳು ಅಕ್ಕ. ನಾನು ನೆಲ ನೋಡಿದೆ. “ಗಂಗಾವತಿ ಅನ್ನ ಉಂಡು ಸೊಕ್ಕು ಬಂದೈತಿ ನಿನಗ. ರೊಟ್ಟಿ ಬಡಿಯಾಕಿ ಈಗ ಬ್ಯಾಡಾಗ್ಯಾಳ.” ಆಕೆ ಒಳಗಿನ ಕೋಣೆಯ ಬಾಗಿಲ ಹಿಂದೆ ನಿಂತಿದ್ದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಆಕೆಯ ಪಾದಗಳು ಕಾಣುತ್ತಿದ್ದವು. ನಾನು ಎದ್ದು ಹೊರಡುವವರೆಗೂ ಅವು ಅಲ್ಲಾಡಲಿಲ್ಲ.

ಹುಡುಗಿಯ ರಕ್ತದಲ್ಲಿ ದೋಷವಿದೆ ಎಂಬ ಮಾತು ಒಂದು ಸಲ ಬಾಯಿಂದ ಹೊರಬಿದ್ದರೆ, ಸಂಜೆಯ ಬಸ್ಸು ಹತ್ತಿ ಕುಷ್ಟಗಿಗೂ ಹೋಗುತ್ತದೆ, ಕೊಪ್ಪಳಕ್ಕೂ ಹೋಗುತ್ತದೆ. ಮತ್ತೆ ಆಕೆಯನ್ನು ಯಾರು ಕೇಳುತ್ತಾರೆ, ಆಕೆಯ ತಂಗಿಯನ್ನು ಯಾರು ಕೇಳುತ್ತಾರೆ? ಬೈಗುಳ ನಾನು ತಿನ್ನುತ್ತೇನೆ, ಆಕೆಯ ಹೆಸರು ಉಳಿಯಲಿ ಎಂದುಕೊಂಡೆ. ದೊಡ್ಡ ತ್ಯಾಗ ಮಾಡಿದವನಂತೆ ಬಸ್ಸಿನಲ್ಲಿ ಎದೆ ಉಬ್ಬಿಸಿ ಕೂತಿದ್ದೆ. ಹೇಳದೇ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಈಗಲಾದರೂ ಬರೆಯಬೇಕು. ದೋಷ ನನ್ನ ರಕ್ತದಲ್ಲೂ ಇತ್ತು. ನನಗೂ ಮದುವೆಯಾಗಬೇಕಿತ್ತು.

ವರ್ಷದೊಳಗೆ ಆಕೆಗೆ ಗಂಡು ಗೊತ್ತಾಯಿತು. ಕುಷ್ಟಗಿ ಕಡೆಯ ಹುಡುಗ, ಆಕೆಯ ಸೋದರತ್ತೆಯ ಮಗ. ಸರ್ಕಾರಿ ನೌಕರಿ, ನಗುಮುಖ. ಆ ಹುಡುಗನ ತಂದೆಯ ತಾಯಿ, ಅಂದರೆ ಅವನ ಅಜ್ಜಿ, ನಮ್ಮ ಅವ್ವನ ಸ್ವಂತ ಅಕ್ಕ. ನಾಲ್ಕು ಊರುಗಳೊಳಗೇ ಕೊಟ್ಟು ತಂದು ಮಾಡಿದ ಬಳಗ ನಮ್ಮದು. ಅವ್ವನ ಗೆರೆಯನ್ನು ಕಣ್ಣಾರೆ ಕಂಡವನಿಗೆ ಅವ್ವನ ಅಕ್ಕನ ಗೆರೆ ಹೇಗಿದ್ದೀತು ಎಂದು ಊಹಿಸಲು ಯಾವ ಮಷಿನ್ನೂ ಬೇಕಾಗಿರಲಿಲ್ಲ. ಆ ಹುಡುಗನ ಮನೆಯಲ್ಲಿ ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಉಂಡಿದ್ದೇನೆ, ಅವನ ತಂದೆಯ ಬಿಳಿಚಿದ ಅಂಗೈ ನನಗೆ ನೆನಪಿತ್ತು.

ನಮ್ಮ ಮಂದಿಯಲ್ಲಿ ಹುಡುಗಿಯನ್ನು ಬೇರೆ ಕಡೆ ಕೊಡುವಾಗ ಸೋದರಮಾವ ತನ್ನ ಹಕ್ಕು ಬಿಟ್ಟುಕೊಡಬೇಕು. ನಿಶ್ಚಯದ ದಿನ ಹಿರಿಯರ ನಡುವೆ ಅವನನ್ನು ನಿಲ್ಲಿಸಿ ಮೂರು ಸಲ ಕೇಳುತ್ತಾರೆ. ಮೂರು ಸಲವೂ ಅವನು ಅಡ್ಡಿ ಇಲ್ಲ ಎನ್ನಬೇಕು. ಆಮೇಲೆ ಎಲೆ ಅಡಿಕೆಯ ತಟ್ಟೆಯನ್ನು ಅವನೇ ಕೈಯಾರೆ ಗಂಡಿನ ಕಡೆಯವರಿಗೆ ಕೊಡಬೇಕು. ಅಲ್ಲಿಯವರೆಗೆ ಯಾರೂ ಬಾಯಿಗೆ ಸಕ್ಕರೆ ಹಾಕುವುದಿಲ್ಲ.

ಆ ದಿನ ನಾನು ಅಂಗಿಯ ಕಿಸೆಯಲ್ಲಿ ನೇರಳೆ ಮುಚ್ಚಳದ ಒಂದು ಖಾಲಿ ಟ್ಯೂಬು, ಪ್ಯಾಂಟಿನ ಕಿಸೆಯಲ್ಲಿ ಸೂಜಿ ಇಟ್ಟುಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಹುಡುಗನನ್ನು ಹಿತ್ತಲಿಗೆ ಕರೆಯುವುದು, ನಿನ್ನ ಅಜ್ಜಿ ನನ್ನ ಅವ್ವನ ಅಕ್ಕ, ನಮ್ಮದು ಒಂದೇ ರಕ್ತ, ಒಂದು ಹನಿ ಕೊಡು ಎನ್ನುವುದು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಈ ಮಾತನ್ನು ಉರುಹಚ್ಚಿದ್ದೆ. ಹುಡುಗನೇ ನನ್ನನ್ನು ಕಂಡು ಓಡಿ ಬಂದ. “ಬರ್ರಿ ಮಾಮಾ, ಹಸದು ಬಂದೀರಿ, ಮದಲ ನಾಷ್ಟಾ ಮಾಡ್ರಿ,” ಎಂದು ಕೈಹಿಡಿದು ಕೂರಿಸಿ, ಮಂಡಕ್ಕಿ ಮಿರ್ಚಿ ತಾನೇ ತಂದು ಕೊಟ್ಟ. ಮಿರ್ಚಿ ತಿನ್ನುತ್ತಾ ಕೂತೆ. ಇನ್ನೊಂದು ಗಳಿಗೆ ತಡೆದು ಹೇಳೋಣ, ಇನ್ನೊಂದು ಗಳಿಗೆ ತಡೆದು ಹೇಳೋಣ ಎನ್ನುವಷ್ಟರಲ್ಲಿ ಹಿರಿಯರು ಕರೆದರು.

“ಹುಡುಗಿ ಮಾಮಾ ಏನಂತೀರಪಾ?”

“ಅಡ್ಡಿ ಇಲ್ರಿ.”

ಎರಡನೆಯ ಸಲ ಕೇಳಿದರು. ಆಕೆ ಹೊಸ ಸೀರೆಯುಟ್ಟು ಕಂಬದ ಹತ್ತಿರ ಕೂತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು, ನನ್ನ ಮುಖವನ್ನಲ್ಲ, ಎದೆಯ ಹತ್ತಿರ ಎಲ್ಲೋ. “ಅಡ್ಡಿ ಇಲ್ರಿ,” ಎಂದೆ. ಮೂರನೆಯ ಸಲವೂ ಅಂದೆ. ತಟ್ಟೆ ಕೊಟ್ಟೆ. ಅದೇ ಟ್ಯೂಬು ಖಾಲಿಯಾಗಿಯೇ ಗಂಗಾವತಿಗೆ ವಾಪಸಾಯಿತು. ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ, ಅದರ ವಾಯಿದೆ ಮುಗಿದು ಎಷ್ಟೋ ವರ್ಷವಾಯಿತು.

ಮರುವರ್ಷ ನನ್ನ ಮದುವೆಯಾಯಿತು. ಸಿಂಧನೂರು ಕಡೆಯ ಹೊರಗಿನ ಸಂಬಂಧ. ಮಾತುಕತೆಗೆ ಮೊದಲೇ ಹುಡುಗಿಯ ಮನೆಯವರಿಗೆ ಧೈರ್ಯವಾಗಿ ಹೇಳಿದೆ, ನನ್ನ ರಕ್ತ ಹೀಗಿದೆ, ನಿಮ್ಮ ಮಗಳದು ನೋಡಿಯೇ ಮುಂದುವರಿಯೋಣ ಎಂದು. ಅವರು ಗೌರವದಿಂದ ಒಪ್ಪಿದರು. ಓದಿದ ಹುಡುಗ, ಎಷ್ಟು ಪ್ರಾಮಾಣಿಕ ಎಂದು ಮೆಚ್ಚಿದರು. ಆ ಹುಡುಗಿಯ ಗೆರೆ ತೆಳ್ಳಗಿತ್ತು. ನನ್ನ ಬುದ್ಧಿ ನನ್ನ ಮನೆಗೆ ಬೇಕಾದಾಗ ಎಷ್ಟು ಚುರುಕಾಗಿತ್ತು ನೋಡಿ. ಇದನ್ನು ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಅಕ್ಕನ ಮಗಳ ಮಗು ಎಂಟು ತಿಂಗಳಿದ್ದಾಗ ಅಕ್ಕ ಅದನ್ನು ಎತ್ತಿಕೊಂಡು ಲ್ಯಾಬಿಗೆ ಬಂದಳು, ಹಿಂದೆ ಆಕೆ. ಹೆಣ್ಣುಮಗು. ತುಟಿ ಸುಣ್ಣದ ಹಾಗೆ ಬೆಳ್ಳಗೆ, ಹೊಟ್ಟೆ ಎಡಕ್ಕೆ ಉಬ್ಬಿತ್ತು. ಬಾಗಿಲಲ್ಲಿ ನೋಡಿದಾಗಲೇ ನನಗೆ ತಿಳಿಯಿತು. ಆ ಸಣ್ಣ ತೋಳಿನಲ್ಲಿ ನರ ಸಿಗದೆ ಮೂರು ಸಲ ಚುಚ್ಚಿದೆ. ಮಗು ಅಳಲೂ ಇಲ್ಲ, ಅಳುವಷ್ಟು ಕಸುವು ಅದಕ್ಕಿರಲಿಲ್ಲ.

ಪಟ್ಟಿ ತೊಳೆದೆ. ಎಲ್ಲಕ್ಕಿಂತ ಮುಂದೆ ದಪ್ಪಗೆ ನಿಲ್ಲಬೇಕಾದ ಗೆರೆಯ ಜಾಗ ಬರಿದಾಗಿತ್ತು. ಅದರ ಹಿಂದೆ ಹಸುಗೂಸಿನ ಬಗೆಯದೊಂದೇ ದಪ್ಪಗೆ ಕೂತಿತ್ತು. ಆ ಬರಿದಾದ ಬಿಳಿ ಜಾಗವನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಆಮೇಲೆ ಅದು ಎಲ್ಲೆಲ್ಲೂ ಕಾಣತೊಡಗಿತು. ನಾಟಿಯಾದ ಗದ್ದೆಯಲ್ಲಿ ಸಸಿ ಏಳದೆ ಉಳಿದ ತುಂಡು ಜಾಗದಲ್ಲಿ, ಸುಣ್ಣ ಬಳಿದ ಗೋಡೆಯಲ್ಲಿ, ಊಟಕ್ಕೆ ಕೂತರೆ ತಟ್ಟೆಯ ಅನ್ನದಲ್ಲಿ. ಅನ್ನ ಬಿಟ್ಟು ಮತ್ತೆ ರೊಟ್ಟಿಗೆ ಬಂದೆ. ಹೆಂಡತಿ ಕೇಳಿದರೆ ಹೊಟ್ಟೆಗೆ ಒಗ್ಗುವುದಿಲ್ಲ ಎಂದೆ.

ರೋಗದ ಹೆಸರನ್ನು ಡಾಕ್ಟರು ಹೇಳಿದರು. ತಂದೆತಾಯಿ ಇಬ್ಬರೂ ವಾಹಕರಾಗಿರುತ್ತಾರೆ ಎಂದೂ ಹೇಳಿದರು. ನಾನು ಅವರ ಪಕ್ಕದಲ್ಲಿ ನಿಂತಿದ್ದೆ, ಕೈಯಲ್ಲಿ ರಿಪೋರ್ಟು ಹಿಡಿದು. ಅಕ್ಕ ಡಾಕ್ಟರನ್ನು ಬಿಟ್ಟು ನನ್ನ ಮುಖ ನೋಡಿ ಕೇಳಿದಳು, “ಮದಲ ಗೊತ್ತಾಗಂಗಿಲ್ಲೇನು ಇದು?” ಡಾಕ್ಟರು, ಗೊತ್ತಾಗುತ್ತದೆ, ಆದರೆ ಹಳ್ಳಿಯಲ್ಲಿ ಯಾರು ಮಾಡಿಸುತ್ತಾರೆ ಎಂದರು. ನಾನು ತಲೆಯಾಡಿಸಿದೆ.

ಅಲ್ಲಿಂದ ಪ್ರತಿ ತಿಂಗಳು ಕೊಪ್ಪಳದ ಆಸ್ಪತ್ರೆ. ಕುಷ್ಟಗಿಯಿಂದ ಬಸ್ಸು, ವಾರ್ಡು, ಸಲಾಯಿನ್ ಕಂಬಕ್ಕೆ ತೂಗುಬಿಟ್ಟ ರಕ್ತದ ಚೀಲ. ನಾನೂ ರಕ್ತ ಕೊಡಲು ಹೋದೆ. ಬೆರಳು ಚುಚ್ಚಿ ನೋಡಿದ ನರ್ಸು, “ನಿಮ್ಮದ ಕಡಿಮಿ ಐತ್ರೀ, ತಗೊಳ್ಳಾಕ ಬರಂಗಿಲ್ಲ,” ಎಂದಳು. ಒಮ್ಮೆ ಮಗುವಿನ ರಕ್ತ ಬೇರೆ ಪರೀಕ್ಷೆಗೆ ನಮ್ಮಲ್ಲಿ ಬಂದಿತ್ತು. ಮನಸ್ಸು ತಡೆಯದೆ ಒಂದು ಗೀರು ಓಡಿಸಿದೆ. ಮುಂದಿನ ಜಾಗದಲ್ಲಿ ಈಗ ಗೆರೆ ಇತ್ತು, ದಪ್ಪಗೆ, ಚೆಂದಾಗಿ. ಒಂದು ಕ್ಷಣ ಖುಷಿಯೂ ಆಯಿತು. ಮರುಕ್ಷಣ ಬುದ್ಧಿ ಬಂತು. ಆ ಗೆರೆ ಆ ಮಗುವಿನದಲ್ಲ. ಯಾವುದೋ ಕಾಲೇಜಿನಲ್ಲಿ, ಯಾವುದೋ ಊರಿನ ಸಮುದಾಯ ಭವನದಲ್ಲಿ ಮಲಗಿ ರಕ್ತ ಕೊಟ್ಟ ಯಾರದೋ ಗೆರೆ. ತಿಂಗಳು ತಿಂಗಳು ಹಾಕಿಸದಿದ್ದರೆ ಅದು ಸವೆದುಹೋಗಿ ಮತ್ತೆ ಬಿಳಿ ಜಾಗ ಉಳಿಯುತ್ತದೆ. ಆ ಪಟ್ಟಿಯನ್ನು ಇಟ್ಟುಕೊಳ್ಳುವ ಧೈರ್ಯವಾಗದೆ ಸುಟ್ಟೆ.

ಮಗುವಿಗೆ ಈಗ ಆರು ವರ್ಷ. ನನ್ನನ್ನು ಸೂಜಿ ಅಜ್ಜ ಎಂದು ಕರೆಯುತ್ತದೆ.

ಹೋದ ಸುಗ್ಗಿಯಲ್ಲಿ, ಮಿಲ್ಲಿನ ಹೊಟ್ಟಿನ ಧೂಳು ಊರಿನ ಮೇಲೆಲ್ಲ ಹಾರುತ್ತಿದ್ದ ಒಂದು ಮುಂಜಾನೆ, ಆಕೆ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ತಂಗಿಗೆ ಕುಷ್ಟಗಿ ಕಡೆಯದೇ ಸಂಬಂಧ ನಿಶ್ಚಯವಾಗುತ್ತಿತ್ತು.

“ಇಕಿದು ನೋಡು ಮಾಮಾ. ಅವ್ವಗ ಹೇಳಿಲ್ಲ,” ಎಂದಳು. ಮದುವೆಯಾದ ಮೇಲೆ ಆಕೆ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ರಕ್ತ ಕೊಟ್ಟು ಇಬ್ಬರೂ ಬಜಾರಕ್ಕೆ ಹೋದರು. ನಾನು ತೊಟ್ಟಿಗೆ ಹೊದಿಸಿದ್ದ ಬಟ್ಟೆ ತೆಗೆದು, ಒರೆಸಿ, ಪಟ್ಟಿ ನೆನೆಸಿದೆ. ಪಕ್ಕಕ್ಕೆ ತೆಳ್ಳನೆಯ ಗೆರೆಯ ಕಂಟ್ರೋಲ್ ಬೇಕು, ಅದಕ್ಕೆ ಚೀಟಿ ಬರೆಯುವ ಹೆಣ್ಣುಮಗಳು ತೋಳು ಕೊಟ್ಟಳು. ದಪ್ಪ ಗೆರೆಯ ಕಂಟ್ರೋಲೂ ಬೇಕು, ಅದಕ್ಕೆ ನಾನಿದ್ದೆ. ತಂಗಿಯ ಗೆರೆ ನನ್ನದರ ಹಾಗೇ ಬಂತು. ಆಕೆ ಬಜಾರದಿಂದ ಬಂದಾಗ ಪಟ್ಟಿ ಮೇಜಿನ ಮೇಲೆ ಒಣಗುತ್ತಿತ್ತು. ತಂಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಆರು ವರ್ಷ ವಾರ್ಡುಗಳಲ್ಲಿ ಕೂತು ಎದ್ದವಳು. ಈ ಗೆರೆಗಳನ್ನು ಓದಲು ಆಕೆಗೆ ನಾನು ಬೇಕಾಗಿರಲಿಲ್ಲ.

“ತಂಗಿದೂ ದಪ್ಪ ಐತಿ. ಈ ತೆಳ್ಳಂದು ಯಾರದು?”

“ನಮ್ಮ ಚೀಟಿ ಬರಿಯಾಕಿದು.”

“ಮತ್ತ ಈ ಇನ್ನೊಂದು ದಪ್ಪಂದು?”

ಸುಳ್ಳು ಹೇಳಬಹುದಿತ್ತು. ಯಾರೋ ಪೇಷಂಟಿಂದು ಎಂದರೆ ಮುಗಿಯುತ್ತಿತ್ತು. “ನಂದು,” ಎಂದೆ.

ಆಕೆ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ಯಾವಾಗ ಗೊತ್ತಾತು?”

ನಾನು ಖಾನೆ ತೆಗೆದು ನೋಟುಪುಸ್ತಕದೊಳಗಿನ ಹಳೆಯ ಪಟ್ಟಿಯನ್ನು ಆಕೆಯ ಮುಂದಿಟ್ಟೆ. ಅಂಚು ಹಳದಿಯಾಗಿತ್ತು, ಗೆರೆಗಳು ಇನ್ನೂ ಕೆಂಪಗಿದ್ದವು. ‘ನಾ’, ‘ಆಕಿ’, ತಾರೀಖು. ಆಕೆ ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದಳು. ತನ್ನ ನಿಶ್ಚಯದ ತಿಂಗಳಿಗೆ ಬಂದಾಗ ಬೆರಳು ನಿಂತಿತು.

“ಇದಕ್ಕ ಒಲ್ಲೆ ಅಂದಿಯೇನು?”

“ಹೂಂ.”

“ನಾ ಕರ್ರಗದೀನಿ ಅಂತ ಒಲ್ಲೆ ಅಂದೀ ಅಂತ ತಿಳಿದಿದ್ದೆ ಮಾಮಾ. ಇಷ್ಟು ವರ್ಷ ಕನ್ನಡಿ ಮುಂದ ನಿಂತಾಗೆಲ್ಲ ಅದ ನೆನಪಾಗೂದು.” ಅಳುತ್ತಿರಲಿಲ್ಲ. ದನಿ ಸಮನಾಗಿತ್ತು. ಆಮೇಲೆ ಕೈ ಚಾಚಿ ಖಾನೆಯಲ್ಲಿದ್ದ ನೇರಳೆ ಮುಚ್ಚಳದ ಖಾಲಿ ಟ್ಯೂಬನ್ನು ಎತ್ತಿಕೊಂಡಳು. “ಇದು ಅವತ್ತು ನಿನ್ನ ಕಿಸೇದಾಗ ಇತ್ತು. ತಟ್ಟಿ ಕೊಡೂ ಮುಂದ ನೋಡಿದ್ದೆ. ಪೆನ್ನು ಅಂತ ತಿಳಿದಿದ್ದೆ.”

ನಾನು ಏನೋ ಹೇಳಲು ಹೋದೆ. ನಿನ್ನ ಹೆಸರು ಕೆಡಬಾರದೆಂದು, ಎನ್ನುವಷ್ಟು ಬಂದಿತ್ತೇನೋ. ಆಕೆ ಟ್ಯೂಬನ್ನು ಇದ್ದಲ್ಲೇ ಇಟ್ಟಳು.

“ಬರೂ ತಿಂಗಳ ತಂಗಿ ನಿಶ್ಚಯ ಐತಿ. ನಿನ್ನ ಮೂರು ಸಲ ಕೇಳ್ತಾರ,” ಎಂದಳು. “ಈ ಸಲ ಏನಂತೀ?”

ಉತ್ತರಕ್ಕೆ ಕಾಯಲಿಲ್ಲ. ತಂಗಿಯನ್ನು ಎಬ್ಬಿಸಿಕೊಂಡು ಧೂಳಿನೊಳಗೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ನಿಶ್ಚಯದ ದಿನ ಅದೇ ಮನೆ, ಅದೇ ಕಂಬ. ಕಂಬದ ಹತ್ತಿರ ತಂಗಿ ಕೂತಿದ್ದಳು, ಆಕೆ ಬಾಗಿಲಲ್ಲಿ ನಿಂತಿದ್ದಳು, ಮಗು ಅವಳ ಕಾಲಿಗೆ ಒರಗಿ ತೂಕಡಿಸುತ್ತಿತ್ತು. ರಕ್ತ ಹಾಕಿಸುವ ದಿನ ಹತ್ತಿರ ಬಂದಾಗ ಅದು ಹಾಗೇ, ಹಗಲೆಲ್ಲ ನಿದ್ದೆ. ಹಿರಿಯರು ನನ್ನನ್ನು ಕರೆದರು.

“ಹುಡುಗಿ ಮಾಮಾ ಏನಂತೀರಪಾ?”

ಎರಡು ಸಲ ಬಾಯೇ ತೆರೆಯಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯ ಸಲ ಕೇಳಿದಾಗ, “ಅಡ್ಡಿ ಐತ್ರೀ,” ಎಂದೆ. “ಹುಡುಗನ ರಕ್ತ ನೋಡದ ಕೊಡಬ್ಯಾಡ್ರಿ. ದ್ವಾಡ್ಡಾಕಿ ಮದವಿ ಮುಂದ ನನಗ ಎಲ್ಲಾ ಗೊತ್ತಿತ್ತು. ಬಾಯಿ ಮುಚಗೊಂಡು ತಟ್ಟಿ ಕೊಟ್ಟೆ. ಈ ಕೂಸು ಹಿಂಗಾಗಿದ್ದು ಅದಕ್ಕರೀ.”

ಎಲ್ಲರೂ ಒಮ್ಮೆಗೇ ಮಾತಾಡಿದರು. ಗಂಡಿನ ಅಜ್ಜ ತಲೆಯ ಪಟಕಾ ಸರಿಮಾಡಿಕೊಂಡು ಎದ್ದು ನಿಂತ. ಅಕ್ಕ ಒಳಗಿನಿಂದ ಬಂದು ನನ್ನ ಎದುರು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಈಗ ಬಾಯಿ ಬಂತೇನೋ ನಿನಗ?” ಎಂದಳು.

ಗದ್ದಲದ ನಡುವೆ ಗಂಡೇ ಎದ್ದು ಬಂದ. ಅಂಗಿಯ ತೋಳು ಮಡಚಿ, “ತಗೋರಿ ಮಾಮಾ, ಸೂಜಿಗೆ ನಾ ಅಂಜಂಗಿಲ್ಲ,” ಎಂದ. ಅಂದು ಮಿರ್ಚಿ ತಂದುಕೊಟ್ಟವನೂ ಹೀಗೇ ಕೊಡುತ್ತಿದ್ದ, ಕೇಳಿದ್ದರೆ. ದನದ ಕೊಟ್ಟಿಗೆಯ ನೆರಳಲ್ಲಿ ನಿಂತು, ಕಿಸೆಯಲ್ಲಿ ತಂದಿದ್ದ ಹೊಸ ಟ್ಯೂಬಿಗೆ ರಕ್ತ ತೆಗೆದೆ. ಯಾರ ಬಾಯಿಗೂ ಸಕ್ಕರೆ ಬೀಳಲಿಲ್ಲ. ಆ ಹೊತ್ತಿನ ಬಸ್ಸಿಗೇ ಗಂಗಾವತಿಗೆ ಬಂದು, ಲ್ಯಾಬಿನ ಬಾಗಿಲು ತೆರೆದು ಕರೆಂಟ್ ಕೊಟ್ಟೆ. ಗುಂಯ್ ಎಂದಿತು. ಮುಂದೆ ದಪ್ಪ ಗೆರೆ, ಹಿಂದೆ ಎಳೆದಾರದಷ್ಟು ತೆಳ್ಳನೆಯ ಗೆರೆ. ಎರಡು ಸಲ ಓಡಿಸಿ ಖಾತ್ರಿ ಮಾಡಿಕೊಂಡು ಆಕೆಗೆ ಫೋನ್ ಮಾಡಿದೆ.

“ಹುಡುಗಂದು ಛಲೋ ಐತಿ,” ಎಂದೆ. “ಇವರ ಮಕ್ಕಳಿಗೆ ಆ ಭಯ ಇಲ್ಲ. ನಿಮ್ಮವ್ವಗ ಹೇಳು, ಏನೂ ಅಡ್ಡಿ...” ಅಲ್ಲಿಗೇ ನಿಲ್ಲಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿದೆ.

ಆಕೆಯ ಹಿಂದೆ ಮಗು ನೀರು ಕೇಳುತ್ತಿದ್ದುದು ಕೇಳಿಸಿತು.

“ಮಾಮಾ, ಒಂದು ಕೇಳ್ತೀನಿ. ಕರೆಂಟ್ ಕೊಟ್ಟ ಮ್ಯಾಲ ಅದು ಬಿಡಿಸಿ ತೋರಸಾಕ ಎಷ್ಟು ಹೊತ್ತು ಹಿಡೀತೈತಿ?”

“ಅರ್ಧ ತಾಸು,” ಎಂದೆ.

“ಅರ್ಧ ತಾಸು,” ಎಂದಳು ಆಕೆ. ಆಮೇಲೆ ಮಗುವಿಗೆ ನೀರು ಕೊಡಲು ಹೋದಳು. ಫೋನು ಕಟ್ ಮಾಡಿರಲಿಲ್ಲ. ಲೋಟದ ಸದ್ದು, ಮಗು ಗಟಗಟ ಕುಡಿಯುವ ಸದ್ದು ಕೇಳುತ್ತ ನಾನು ಬಹಳ ಹೊತ್ತು ಫೋನನ್ನು ಹಾಗೇ ಹಿಡಿದುಕೊಂಡಿದ್ದೆ.